ಹಲ್ಲಿನ ಡಾಕ್ಟರಮ್ಮನ ಕುರ್ಚಿಯಲ್ಲಿ ಬೀಗದ ತಾತ

ತಾತ: ನಮ್ಮ ಮುತ್ತಜ್ಜ ತುಕ್ಕು ಹಿಡಿದ ಕೋಟೆ ಬಾಗಿಲನ್ನ ಬರೀ ಒಂದು ಮೊಳೇಲಿ ತೆಗೆದೋನು. ನಮ್ಮಜ್ಜ ಸೆರೆಮನೆಗೆ ಬೀಗ ಮಾಡಿಕೊಟ್ಟು, ಗಟ್ಟಿ ಇದೆಯಾ ಅಂತ ನೋಡೋಕೆ ಒಳಗೆ ಹೋಗಿ ತಾನೇ ಸಿಕ್ಕೊಂಡ. ಕಾವಲಿನೋರು ತೆಗೀತೀವಿ ಅಂದ್ರೂ ಬೇಡ ಅಂದು, ತಾನೇ ತೆಕ್ಕೊಂಡು ಬಂದ. ನಮ್ಮಪ್ಪ ನಿದ್ದೆಗಣ್ಣಲ್ಲೇ ತಿಜೋರಿ ತೆಗೆದು, ಮತ್ತೆ ಮುಚ್ಚಿ ಬಂದೋನು. ಇವರಲ್ಲಿ ಒಬ್ಬನಾದ್ರೂ ಕಂಡೋರ ಬಾಗಿಲು ತಟ್ಟಿ, 'ಸ್ವಾಮಿ, ನಿಮ್ಮ ಕೆಲಸ ಹೇಗಿರುತ್ತೆ?' ಅಂತ ಕೇಳಿದ್ನಾ?

ಹಲ್ಲಿನ ಡಾಕ್ಟರ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತು ಬೀಗ ರಿಪೇರಿಯ ತಾತ ಮೊಮ್ಮಗಳ ತಲೆ ತಿನ್ನುತ್ತಿದ್ದ. ಯಾವ ಓದಿಗೆ ಸೇರಬೇಕೆಂದು ಅವಳು ನಾಳೆಯೊಳಗೆ ತೀರ್ಮಾನಿಸಬೇಕಿತ್ತು. ಅದಕ್ಕೇ ಕೆಲಸದಲ್ಲಿರುವವರನ್ನು ಹುಡುಕಿಕೊಂಡು ಹೋಗಿ ಮಾತಾಡಿಸುತ್ತಿದ್ದಳು. ತಾತ ಜೊತೆಗೆಂದು ಬರುತ್ತಿದ್ದ.

ಮೊಮ್ಮಗಳು: ನಿನ್ನೆ ವಕೀಲರಿಗೆ ನಾನು ಕೇಳಿದ ಪ್ರಶ್ನೆಗೆಲ್ಲ ಉತ್ತರ ಕೊಟ್ಟೋರು ಯಾರು?

ತಾತ: ಆಯಪ್ಪ ತಡವರಿಸ್ತಿದ್ದ. ದಾರಿ ತೋರಿಸ್ದೆ.

ಮೊಮ್ಮಗಳು: ಕೊನೆಗೆ ಅವರೇ ನಿನ್ನ ಹತ್ರ ಬೀಗದ ಕೆಲಸ ಹೇಗಿರುತ್ತೆ ಅಂತ ಕೇಳ್ತಾ ಕೂತ್ರು!

ತಾತ: ಒಳ್ಳೇ ಕೆಲಸ ಯಾವುದು ಅಂತ ತಡವಾಗಿ ಗೊತ್ತಾಯ್ತು, ಪಾಪ.

ಮೊಮ್ಮಗಳು: ಇವತ್ತೊಂದಿನ ಬಾಯಿಗೆ ಬೀಗ ಹಾಕ್ಕೊ ತಾತ.

ತಾತ: ನಾನು ತೆಗೆಯೋನು ಕಣೇ, ಹಾಕೋನಲ್ಲ.

ಅಷ್ಟರಲ್ಲಿ ಡಾಕ್ಟರಮ್ಮ ಇಬ್ಬರನ್ನೂ ಒಳಗೆ ಕರೆದರು.

ಮೊಮ್ಮಗಳು: ಮೇಡಂ, ನಿಮ್ಮ ಕೆಲಸದಲ್ಲಿ ತುಂಬ ಕಷ್ಟದ್ದು ಯಾವುದು?

ಡಾಕ್ಟರಮ್ಮ: ಅದು... ಹೇಗೆ ಹೇಳೋದು...

ತಾತ: ಏನು ಮಹಾ ಕಷ್ಟ? ಸಂದಿಗೆ ಕಡ್ಡಿ ತೂರಿಸಿ ಅಲ್ಲಾಡಿಸೋದು. ಬೀಗಾನೂ ಅಷ್ಟೆ. ಆದ್ರೆ ಅದು 'ಅಯ್ಯೋ' ಅನ್ನಲ್ಲ. ಅದಕ್ಕೇ ಇವಳಿಗೆ ಅಂಗಡಿಗೆ ಬಾ ಅಂತಿರೋದು.

ಮೊಮ್ಮಗಳು: ತಾತಾ!

ಡಾಕ್ಟರಮ್ಮ: ತಪ್ಪು ತಿಳೀಬೇಡಮ್ಮ, ಸುಮ್ನೆ ಕೂತ್ರೆ ನಂಗೆ ಮಾತೇ ಹೊರಡಲ್ಲ. ಎದುರಿಗೊಂದು ತೆರೆದ ಬಾಯಿ ಇರ್ಬೇಕು. ಮನೇಲೂ ನಮ್ಮ ಯಜಮಾನ್ರು ಆಕಳಿಸಿದಾಗ್ಲೇ ನಾನು ಮಾತಾಡೋದು.

ಇಬ್ಬರೂ ತಾತನ ಕಡೆ ತಿರುಗಿದರು.

ತಾತ: ನನ್ನ ಹಲ್ಲು ಕಬ್ಬಿಣ. ಅಲ್ಲಾಡಿದ್ದನ್ನೆಲ್ಲ ನಾನೇ ಇಕ್ಕಳದಲ್ಲಿ ಕಿತ್ತು ಎಸೆದಿದೀನಿ.

ಮೊಮ್ಮಗಳು: ಮತ್ತೆ ಆ ದವಡೆ ಹಲ್ಲು? ಹಸುವಿನ ಹಾಗೆ ಒಂದೇ ಕಡೆ ಅಗೀತಿದೀಯಲ್ಲ. ಹೆದರಿಕೆನಾ?

ತಾತ: ಹೆದರಿಕೆನಾ? ನಮ್ಮ ವಂಶದಲ್ಲಿ? ಎಲ್ಲಿ ಕುರ್ಚಿ!

ತಾತ ಒರಗಿ ಬಾಯಿ ತೆರೆದದ್ದೇ ತಡ, ಡಾಕ್ಟರಮ್ಮನ ಮಾತು ನಲ್ಲಿ ತಿರುಗಿಸಿದ ಹಾಗೆ ಹರಿಯಿತು.

ಡಾಕ್ಟರಮ್ಮ: ಕಷ್ಟ ಹಲ್ಲಿಂದಲ್ಲಮ್ಮ. ಇಲ್ಲಿ ಕೂತೋರೆಲ್ಲ ಧೈರ್ಯವಂತರೇ, ಹಿಡಿದ ಕೈ ಮಾತ್ರ ಬಿಡಲ್ಲ. ದಿನವೆಲ್ಲ ಬಗ್ಗಿ ಬಗ್ಗಿ ಕತ್ತು ಮರಗಟ್ಟುತ್ತೆ. ಮಕ್ಕಳು ಬೆರಳು ಕಚ್ತಾರೆ. ಆದ್ರೆ ಅಳ್ತಾ ಬಂದೋರು ನಗ್ತಾ ಹೋಗ್ತಾರಲ್ಲ... ಸ್ವಲ್ಪ ಚುಚ್ಚುತ್ತೆ ತಾತ... ಅದನ್ನ ನೋಡೋಕೇ ಮಾರನೇ ದಿನ ಮತ್ತೆ ಬರ್ತೀನಿ.

ತಾತ: ಆಆ ಆಂ ಆಆ!

ಮೊಮ್ಮಗಳು: ಏನಂತೆ?

ಡಾಕ್ಟರಮ್ಮ: ಅಂಗಡಿ ಯಾರು ನೋಡ್ಕೋತಾರೆ ಅಂತ.

ಮೊಮ್ಮಗಳು: ಅಷ್ಟು ಅರ್ಥ ಆಯ್ತಾ ನಿಮಗೆ!

ಡಾಕ್ಟರಮ್ಮ: ಬಾಯಿ ಮುಚ್ಕೊಂಡು ಮಾತಾಡೋರೇ ನಂಗೆ ಅರ್ಥ ಆಗಲ್ಲ.

ತಾತ: ಆಂ... ಆಆ.

ಡಾಕ್ಟರಮ್ಮ: ಒಬ್ಬನೇ ಕೂರೋಕೆ ಬೇಜಾರಂತೆ.

ಮೊಮ್ಮಗಳು ಕುರ್ಚಿಯ ಪಕ್ಕಕ್ಕೆ ಬಂದು ನಿಂತಳು. ಮೂರು ತಲೆಮಾರಿನ ಜಂಬದ ಹಿಂದೆ ಇಷ್ಟೇ ಇತ್ತೆಂದು ಅವಳಿಗೆ ತಿಳಿದಿರಲಿಲ್ಲ.

ಮೊಮ್ಮಗಳು: ಸಂಜೆ ಹೊತ್ತು ಅಂಗಡಿಗೆ ಬರ್ತೀನಿ ತಾತ. ಬೀಗಾನೂ ಕಲೀತೀನಿ. ಈಗ ಮೂಗಲ್ಲಿ ಉಸಿರಾಡು. ನನ್ನ ಕೈ ಹಿಡ್ಕೊ. ನನ್ನೇ ನೋಡು. ಹಾಂ, ಹಾಗೆ.

ಟಕ್ಕೆಂದು ಹಲ್ಲು ತಟ್ಟೆಗೆ ಬಿತ್ತು.

ಡಾಕ್ಟರಮ್ಮ: ಅರ್ಧ ಕೆಲಸ ನೀನೇ ಮಾಡ್ಬಿಟ್ಟೆಯಲ್ಲೇ ತಾಯಿ!

ಮೊಮ್ಮಗಳು: ಹಾಗಾದ್ರೆ ಉಳಿದರ್ಧ ಕಲಿಯೋಕೆ ನಾಳೆನೇ ಸೇರ್ತೀನಿ. ಏಳು ತಾತ, ಹೊರಗೆ ಮೆಟ್ಟಿಲಿದೆ, ನಾನು ಹಿಡ್ಕೋತೀನಿ.

ತಾತ ಹತ್ತಿ ಕಚ್ಚಿಕೊಂಡೇ ಎದ್ದ. ಮೊಮ್ಮಗಳ ಕೈಯನ್ನು ಇನ್ನೂ ಬಿಟ್ಟಿರಲಿಲ್ಲ.

ತಾತ: ಬೇಡ! ನಮ್ಮ ವಂಶದಲ್ಲಿ ಯಾರೂ ಇನ್ನೊಬ್ಬರ ಕೈ ಹಿಡ್ಕೊಂಡು ಹೊರಗೆ ಬಂದೋರಲ್ಲ. ಇದು ನಿನಗೆ ಹೆದರಿಕೆ ಆಗ್ಬಾರ್ದು ಅಂತ ನಾನು ಹಿಡ್ಕೊಂಡಿರೋದು. ನಂಗೆ ಯಾರ ಸಹಾಯಾನೂ ಬೇಡ!