ಮೂಟೆಯಿಲ್ಲದ ಜಾಗದಲ್ಲಿ ನಿಂತ ಹುಡುಗಿ

ಹಳ್ಳಿಯ ಹೈಸ್ಕೂಲಿನಲ್ಲಿ ಪೀಟಿ ಮೇಷ್ಟ್ರಾಗಿರುವವನಿಗೆ ನಗುವುದಕ್ಕೆ ಬೇರೆ ಖರ್ಚು ಬೇಕಾಗಿಲ್ಲ. ಸೀಟಿ ಊದಿಕೊಂಡು ಬಯಲಿಗಿಳಿದರೆ ಸಾಕು, ಸಾಯಂಕಾಲದೊಳಗೆ ಒಂದಲ್ಲ ಒಂದು ಪ್ರಸಂಗ ನಡೆದೇ ನಡೆಯುತ್ತದೆ. ಅದರಲ್ಲೂ ಗಾವಡಗೆರೆ ಕಡೆಯ ನಮ್ಮ ಸ್ಕೂಲಿಗೆ ಬೇಸ್‌ಬಾಲ್ ಬಂದ ಮೇಲೆ ನನಗೆ ಬಿಡುವೇ ಇಲ್ಲ. ಮೈಸೂರಿನ ಯಾವುದೋ ಕಾಲೇಜಿನವರು ತಮ್ಮ ಹಳೇ ಬ್ಯಾಟು, ಗ್ಲೌಸು, ಒಂದಿಷ್ಟು ಚೆಂಡು ದಾನ ಕೊಟ್ಟರು. ಆಟ ಯಾರಿಗೂ ಗೊತ್ತಿರಲಿಲ್ಲ. ನನಗೂ ಅರ್ಧಂಬರ್ಧ.

ಕುಂಬಳಕಾಯಿ

ಆ ಹುಡುಗಿಯನ್ನು ನಾನು ಮೊದಲು ನೋಡಿದ್ದು ಸ್ಕೂಲಿನಲ್ಲಲ್ಲ, ರಸ್ತೆ ಪಕ್ಕದ ಹೊಲದಲ್ಲಿ. ಲಾರಿಗೆ ಕುಂಬಳಕಾಯಿ ತುಂಬುತ್ತಿದ್ದರು. ಅಪ್ಪ ಹೊಲದಿಂದ ಕಾಯಿ ಎಸೆಯುವುದು, ಮಗಳು ಮಧ್ಯದಲ್ಲಿ ನಿಂತು ಹಿಡಿದು ಮೇಲಕ್ಕೆ ಎಸೆಯುವುದು, ಲಾರಿಯ ಮೇಲೆ ಅಜ್ಜಿ ಎಲೆಅಡಿಕೆ ಜಗಿಯುತ್ತಾ ಜೋಡಿಸುವುದು. ಅಪ್ಪ ಎಸೆದ ಕಾಯಿ ಒಂದೂ ನೆಟ್ಟಗಿರಲಿಲ್ಲ. ಒಂದು ತಲೆ ಮೇಲೆ ಹೋಗುವುದು, ಇನ್ನೊಂದು ಕಾಲ ಬುಡಕ್ಕೆ ಬರುವುದು. ಆದರೆ ಹುಡುಗಿಯ ಕೈಗೆ ಎಲ್ಲವೂ ಬೆಕ್ಕಿನ ಮರಿಯ ಹಾಗೆ ಬಂದು ಕೂರುತ್ತಿದ್ದವು. ನಾನು ಬೈಕ್ ನಿಲ್ಲಿಸಿ ಬಾಯಿ ಬಿಟ್ಟುಕೊಂಡು ನೋಡಿದೆ. ಒಂಬತ್ತನೇ ಕ್ಲಾಸಿನ ಕೂಸು, ತೋಳು ನೋಡಿದರೆ ಹುರುಳಿಕಾಯಿ.

"ಕೈ ನೋಯಲ್ವೇನಮ್ಮಾ?" ಎಂದೆ.

"ಕಾಯಿ ಬಂದಂಗೆ ಕೈನೂ ಹಿಂದಕ್ಕೋಗ್ಬೇಕು ಸಾ. ಎದುರು ಕೊಟ್ರೆ ನೋಯ್ತದೆ," ಎಂದಳು.

ನಾನು ಪುಸ್ತಕ ಹಿಡಿದುಕೊಂಡು ಮಕ್ಕಳಿಗೆ ತಿಂಗಳುಗಟ್ಟಲೆ ಹೇಳಿಕೊಡುತ್ತಿದ್ದ ಪಾಠವೇ ಅದು. ಅಲ್ಲೇ ಅವಳಪ್ಪನ ಹತ್ತಿರ ಹೋಗಿ, ಮಗಳನ್ನು ಟೀಮಿಗೆ ಕಳಿಸಿ ಎಂದು ಕೇಳಿದೆ.

"ಕಳ್ಸಾನೆ ಬುಡಿ ಸಾ. ಆದ್ರೆ ಮಧ್ಯ ನಿಲ್ಲೋರ್ಯಾರು? ನೀವು ನಿಲ್ತೀರಾ?"

ಪೀಟಿ ಮೇಷ್ಟ್ರ ಮರ್ಯಾದೆಯ ಪ್ರಶ್ನೆ. ಅಂಗಿಯ ತೋಳು ಮಡಚಿ ನಿಂತೆ. ಮೊದಲನೇ ಕಾಯಿಗೇ ಕಾಯಿಯ ಸಮೇತ ಬದುವಿನ ಮೇಲೆ ಅಂಗಾತ ಬಿದ್ದೆ. ಲಾರಿಯ ಮೇಲಿಂದ ಅಜ್ಜಿ ಗಾಬರಿಯಿಂದ ಬಗ್ಗಿ ಕೂಗಿದರು: "ಅಯ್ಯೋ, ಏನಾದ್ರೂ ಒಡೆದೋಯ್ತಾ ನೋಡ್ಲಾ! ಕಾಯಿ, ಕಾಯಿ ನೋಡು!"

ಅನ್ಯಾಯ

ಹುಡುಗಿಯನ್ನು ಶಾರ್ಟ್‌ಸ್ಟಾಪ್ ಜಾಗದಲ್ಲಿ ನಿಲ್ಲಿಸಿದೆ. ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ: ಬೇಸ್‌ಬಾಲಿನಲ್ಲಿ ಬಯಲಿನ ಮೂಲೆಮೂಲೆಗೆ ಬೇಸ್ ಇರುತ್ತವೆ. ನಮ್ಮಲ್ಲಿ ಅವು ಹೊಟ್ಟು ತುಂಬಿದ ಗೋಣಿಮೂಟೆಗಳು. ಒಂದೊಂದು ಮೂಟೆಗೂ ಒಬ್ಬೊಬ್ಬರು ಕಾವಲು. ಹೊಡೆದವರು ಓಡಿ ಮೊದಲನೇ ಮೂಟೆ ಮುಟ್ಟುವ ಮೊದಲೇ ಚೆಂಡು ಅಲ್ಲಿಗೆ ಬಂದರೆ ಔಟು. ಶಾರ್ಟ್‌ಸ್ಟಾಪ್ ಮಾತ್ರ ಎರಡನೇ ಮೂಟೆಗೂ ಮೂರನೇ ಮೂಟೆಗೂ ನಡುವೆ ಬರಿ ನೆಲದಲ್ಲಿ ನಿಲ್ಲಬೇಕು. ಹೊಡೆತ ಹೆಚ್ಚಾಗಿ ಬರುವುದು ಅಲ್ಲಿಗೇ. ಟೀಮಿನ ಅತಿ ಚುರುಕಿನ ಕೈಗೆ ಮಾತ್ರ ಸಿಗುವ ಜಾಗ.

ಅವಳಪ್ಪ ಒಂದು ದಿನ ಆಟ ನೋಡಲು ಬಂದು, ಬೇಲಿ ಹಿಡಿದುಕೊಂಡು ಬಹಳ ಹೊತ್ತು ನಿಂತ. ಆಮೇಲೆ ಮುಖ ಕೆಂಪಗೆ ಮಾಡಿಕೊಂಡು ನನ್ನ ಹತ್ತಿರ ಬಂದ.

"ಎಲ್ಲಾ ಮಕ್ಳಿಗೂ ಒಂದೊಂದು ಮೂಟೆ ಕೊಟ್ಟಿದ್ದೀರಿ. ನಮ್ ಮಗೀಗೆ ಯಾಕಿಲ್ಲ?"

"ಅವಳ ಜಾಗವೇ ದೊಡ್ಡದು ಕಣಪ್ಪಾ."

"ದೊಡ್ಡದಾದ್ರೆ ಮೂಟೆನೂ ದೊಡ್ಡದಿರ್ಬೇಕಲ್ವಾ?"

ಕಡ್ಡಿಯಿಂದ ನೆಲದ ಮೇಲೆ ಗೆರೆ ಎಳೆದು ತೋರಿಸಿದೆ. ಊಹೂಂ. ಬಡವರ ಮಗಳೆಂದು ನಡುಬಯಲಲ್ಲಿ ನಿಲ್ಲಿಸಿದ್ದಾರೆ ಎಂದು ನೇರ ಹೆಡ್‌ಮಾಸ್ಟರ ಹತ್ತಿರವೇ ಹೋದ. ಹೆಡ್‌ಮಾಸ್ಟರು ನನ್ನನ್ನು ಕರೆಸಿ, ಬಾಗಿಲು ಹಾಕಿ, ಮೆಲ್ಲಗೆ ಹೇಳಿದರು: "ಪಾಪ, ಹೆಣ್ಣುಮಗು ರೀ. ಒಂದು ಗೋಣಿಚೀಲ ತಾನೇ, ಕೊಟ್ಟುಬಿಡಿ. ನಿಮ್ಮ ಗಂಟೇನು ಹೋಗುತ್ತೆ?"

ದೃಷ್ಟಿ

ಬೆಟ್ಟದಪುರದ ಕಡೆಯ ಒಂದು ಸ್ಕೂಲಿನೊಂದಿಗೆ ಪಂದ್ಯ. ಆ ದಿನ ನಾನು ಕಂಡದ್ದನ್ನು ಇವತ್ತಿಗೂ ನೆನೆದರೆ ಮೈ ಜುಂ ಎನ್ನುತ್ತದೆ. ಎದುರಾಳಿ ಹುಡುಗಿ ಬೀಸಿ ಹೊಡೆದಳು. ಚೆಂಡು ನೆಲ ಸವರಿಕೊಂಡು ಹಾವಿನ ಹಾಗೆ ಹರಿಯಿತು. ಇದು ಹೋಯಿತು ಎಂದು ನಾನು ಕಣ್ಣು ಮುಚ್ಚಿಯೇ ಬಿಟ್ಟಿದ್ದೆ. ತೆಗೆದು ನೋಡಿದರೆ ನಮ್ಮ ಹುಡುಗಿ ಉದ್ದಕ್ಕೆ ನೆಲದ ಮೇಲೆ ಬಿದ್ದಿದ್ದಾಳೆ, ಚೆಂಡು ಗ್ಲೌಸಿನಲ್ಲಿದೆ. ಮಂಡಿಯ ಮೇಲೆದ್ದವಳು ಅಲ್ಲಿಂದಲೇ ಮೊದಲನೇ ಮೂಟೆಗೆ ಎಸೆದಳು, ಗೆರೆ ಎಳೆದ ಹಾಗೆ.

ಅಷ್ಟು ಕಷ್ಟಪಡುವ ಅಗತ್ಯವೇ ಇರಲಿಲ್ಲ. ಹೊಡೆದ ಹುಡುಗಿ ಓಡುವುದನ್ನು ಮರೆತು, ಬ್ಯಾಟು ಹಿಡಿದುಕೊಂಡೇ "ಅಬ್ಬಾ!" ಎಂದು ನೋಡುತ್ತಾ ನಿಂತಿದ್ದಳು. ಔಟು ಕೊಡಬೇಕಾದ ಅಂಪೈರು ಚಪ್ಪಾಳೆ ತಟ್ಟುತ್ತಿದ್ದರು.

ಜನ ಎದ್ದು ಕೂಗಿದ್ದೇ ತಡ, ಅಜ್ಜಿ ಸೆರಗು ಸಿಕ್ಕಿಸಿಕೊಂಡು ಮೈದಾನದೊಳಕ್ಕೆ ನುಗ್ಗಿದರು. "ಇಷ್ಟು ಜನದ ಕಣ್ಣು ಬಿತ್ತಲ್ಲಪ್ಪಾ ನನ್ ಕೂಸಿನ ಮ್ಯಾಲೆ!" ಉಪ್ಪಿಲ್ಲ, ಮೆಣಸಿನಕಾಯಿಯಿಲ್ಲ, ಕೈಗೆ ಸಿಕ್ಕಿದ್ದು ಮೊದಲನೇ ಮೂಟೆಯ ಹುಡುಗಿಯ ಹತ್ತಿರವಿದ್ದ ಚೆಂಡು. ಅದನ್ನೇ ಮೊಮ್ಮಗಳ ತಲೆಯಿಂದ ಕಾಲಿನವರೆಗೆ ನೀವಾಳಿಸಿ, "ಥೂ ಥೂ" ಎಂದು ಉಗಿದು, ಬೇಲಿಯಾಚೆಯ ಮೂರು ದಾರಿ ಕೂಡುವ ಜಾಗಕ್ಕೆ ಬೀಸಿ ಎಸೆದರು.

ದೃಷ್ಟಿ ತೆಗೆದು ಎಸೆದ ವಸ್ತುವನ್ನು ನಮ್ಮ ಕಡೆ ಯಾರೂ ಮುಟ್ಟುವುದಿಲ್ಲ, ದಾಟುವುದೂ ಇಲ್ಲ. ಇದ್ದ ಒಂದೇ ಒಳ್ಳೆ ಚೆಂಡು ರಸ್ತೆಯ ನಡುವೆ ಬಿದ್ದಿತ್ತು. ಎರಡೂ ಟೀಮು, ಇಬ್ಬರು ಮೇಷ್ಟ್ರು, ಒಬ್ಬ ಅಂಪೈರು ಸುತ್ತ ದೂರದಲ್ಲಿ ನಿಂತು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಪಂದ್ಯ ಅಲ್ಲಿಗೇ ಡ್ರಾ.

ಹಸಿ ಎಲೆ

ಆಮೇಲೆ ಮೈಸೂರಿನ ತರಬೇತಿ ಶಿಬಿರಕ್ಕೆ ಆಯ್ಕೆ ನಡೆಯುತ್ತದೆ ಎಂದು ಸುದ್ದಿ ಬಂತು. ಅಲ್ಲಿ ಉಳಿದುಕೊಂಡು, ಓದಿಕೊಂಡು ಆಡಬಹುದು. ಹುಡುಗಿ ನನ್ನ ಮುಂದೆ ಬಂದು ನಿಂತು, "ಹೋಗ್ಬೇಕು ಸಾ," ಎಂದಳು. ಅಷ್ಟೇ ಮಾತು. ಆದರೆ ಅಪ್ಪ ಒಪ್ಪಬೇಕಲ್ಲ.

ಟೀ ಅಂಗಡಿಯಲ್ಲಿ ಊರಿಗೆ ಊರೇ ಚರ್ಚೆಗೆ ಕೂತಿತು. ಎಲ್ಲರೂ ಹೊಗೆಸೊಪ್ಪು ಬೆಳೆಯುವವರು. ಎಲೆಯನ್ನು ಬ್ಯಾರನ್ ಎಂಬ ಬಿಸಿಮನೆಯಲ್ಲಿ ಹದ ಮಾಡಿ, ಮಾರ್ಕೆಟ್ಟಿನಲ್ಲಿ ನೋಡಿ ನೋಡಿ ಅಭ್ಯಾಸ.

"ಕೈ ಏನೋ ಚುರುಕದೆ. ಆದ್ರೆ ಮುಂದಕ್ಕೆ ಎಂಗೆ?" ಎಂದ ಟೀ ಅಂಗಡಿಯವನು.

ಹಿಂದೆ ಪಂಚಾಯ್ತಿ ಮೆಂಬರಾಗಿದ್ದ ಹಿರಿಯರೊಬ್ಬರು ಬೈದರು. "ಹಸಿ ಎಲೆ ನೋಡ್ಬುಟ್ಟು ಯಾವನಾದ್ರೂ ರೇಟು ಕಟ್ತಾನೇನ್ಲಾ? ಬ್ಯಾರನ್‌ನಲ್ಲಿ ಬೆಂದು, ಬಣ್ಣ ಬಂದ್ಮೇಲೆ ತಾನೇ ಗೊತ್ತಾಗೋದು?"

"ಅದಕ್ಕೇ ಶಿಬಿರ ಇರೋದು ಯಜಮಾನ್ರೇ," ಎಂದು ನಾನು ಸಂದು ನೋಡಿ ತೂರಿಸಿದೆ.

ಹಿರಿಯರು ಮಿಠಾಯಿ ಕೊಳ್ಳಲು ಬಂದಿದ್ದ ಹುಡುಗಿಯನ್ನೇ ಕರೆದು, ಅವಳ ಅಂಗೈ ಬಿಡಿಸಿ, ಬೆರಳಲ್ಲಿ ಒತ್ತಿ, ಬೆಳಕಿಗೆ ತಿರುಗಿಸಿ ನೋಡಿದರು. "ಮೈಕಟ್ಟು ಸಾಲದು. ಆದ್ರೆ ಒಳ್ಳೇ ಮಾಲು. ಕಳ್ಸು," ಎಂದು ಅವಳಪ್ಪನಿಗೆ ತೀರ್ಪು ಕೊಟ್ಟರು.

ಮೂಲೆಯಲ್ಲಿ ಕೂತಿದ್ದ ಅಪ್ಪ ಲೋಟ ಕುಕ್ಕಿ ಎದ್ದ. "ಸ್ವಂತ ಸ್ಕೂಲ್ನೋರೇ ಒಂದು ಮೂಟೆ ಕೊಟ್ಟಿಲ್ಲ. ಮೈಸೂರ್ನೋರು ಕೊಡ್ತಾರಾ?"

ಗ್ಯಾರಂಟಿ

ಹೇಗೋ ಏನೋ, ಆಯ್ಕೆಯ ದಿನ ಬೆಳಿಗ್ಗೆ ಅಪ್ಪ, ಮಗಳು, ಅಜ್ಜಿ ಮೂವರೂ ಗೂಡ್ಸ್ ಆಟೋದಲ್ಲಿ ಆಯ್ಕೆಯ ಮೈದಾನಕ್ಕೆ ಬಂದರು. "ನೋಡ್ಕೊಂಡೋಗಾನ ಅಂತ ಬಂದೊ. ಕಳ್ಸ್ತೀನಿ ಅಂದಿಲ್ಲ," ಎಂದು ಅಪ್ಪ ಇಳಿಯುವ ಮೊದಲೇ ಹೇಳಿದ. ಹಿಂದುಗಡೆ ಟಾರ್ಪಾಲು ಮುಚ್ಚಿ ಏನೋ ತಂದಿದ್ದ. ವಾಪಸ್ ಹೋಗುವಾಗ ಇಳಿಸುವ ಗೊಬ್ಬರವಿರಬೇಕು ಎಂದುಕೊಂಡು ಸುಮ್ಮನಾದೆ.

ಹುಡುಗಿ ತನ್ನತ್ತ ಬಂದ ಚೆಂಡು ಒಂದನ್ನೂ ಬಿಡಲಿಲ್ಲ. ಬ್ಯಾಟು ಕೊಟ್ಟಾಗ ಮಾತ್ರ ಗಾಳಿಗೆ ಬೀಸಿದಳು. ಶಿಬಿರದಲ್ಲಿ ಉಳಿದಿದ್ದು ಒಂದೇ ಜಾಗ. ಆರಿಸುವವರು ಇಬ್ಬರು, ಒಬ್ಬರು ಟೋಪಿಯವರು, ಇನ್ನೊಬ್ಬರು ಕನ್ನಡಕದವರು. ನನ್ನೆದುರಿಗೇ ವಾದಕ್ಕೆ ಬಿದ್ದರು.

"ಇಂಥ ಕೈ ನಾನು ನೋಡಿಲ್ಲ," ಎಂದರು ಟೋಪಿಯವರು.

"ಬ್ಯಾಟು?"

"ಕಲಿಸಬಹುದು."

"ಎತ್ತರ? ಅಪ್ಪನ್ನ ನೋಡಿ, ಇನ್ನೇನು ಬೆಳೀತಾಳೆ? ಇವತ್ತು ಚುರುಕಾಗಿದ್ದಾಳೆ, ಸರಿ. ವಯಸ್ಸಾಗ್ತಾ ಮೈ ಭಾರ ಆಗುತ್ತೆ, ಕೈ ನಿಧಾನ ಆಗುತ್ತೆ. ಹೀಗೇ ಇರ್ತಾಳೆ ಅಂತ ಏನ್ರೀ ಗ್ಯಾರಂಟಿ?"

ಅಷ್ಟರಲ್ಲಿ ಯಾರದೋ ಬ್ಯಾಟಿಗೆ ತಾಗಿದ ಚೆಂಡೊಂದು ಓರೆಯಾಗಿ ಆಕಾಶಕ್ಕೆ ಹಾರಿ, ಮರದಡಿ ಕೂತವರ ಮೇಲೆ ಇಳಿಯತೊಡಗಿತು. "ತಲೆ! ತಲೆ!" ಎಂದು ಎಲ್ಲರೂ ಕಿರುಚಿದರು. ಅಪ್ಪ ಬುತ್ತಿ ತಬ್ಬಿಕೊಂಡು ಮಲಗಿಬಿಟ್ಟ. ಅಜ್ಜಿ ಸುಣ್ಣ ಹಚ್ಚುತ್ತಿದ್ದ ವೀಳ್ಯದೆಲೆಯನ್ನು ತೊಡೆಯ ಮೇಲಿಟ್ಟು, ಕೂತಲ್ಲಿಂದಲೇ ಎರಡೂ ಕೈ ಎತ್ತಿ, ಕುಂಬಳಕಾಯಿ ತೆಗೆದುಕೊಳ್ಳುವ ಹಾಗೆ ಚೆಂಡನ್ನು ಮಡಿಲಿಗೆ ಇಳಿಸಿಕೊಂಡರು. ಪಕ್ಕಕ್ಕಿಟ್ಟರು. ಎಲೆ ಮಡಚಿ ಬಾಯಿಗೆ ಹಾಕಿಕೊಂಡರು.

ನನ್ನ ಕಣ್ಣಲ್ಲಿ ನೀರು ಬಂದಿತ್ತು. ಅವತ್ತು ಹೊಲದಲ್ಲಿ ನಾನು ಮೊಮ್ಮಗಳ ಕೈಯನ್ನಷ್ಟೇ ನೋಡಿದ್ದೆ, ಲಾರಿಯ ಮೇಲೆ ಕಾಯಿ ಹಿಡಿಯುತ್ತಿದ್ದ ಕೈ ನೋಡಿರಲಿಲ್ಲ.

ಟೋಪಿಯವರು ಮೆಲ್ಲಗೆ ಟೋಪಿ ತೆಗೆದರು. "ಗ್ಯಾರಂಟಿ ಕೇಳಿದ್ರಲ್ಲ. ಅಲ್ಲಿ ಕೂತು ಎಲೆಅಡಿಕೆ ಹಾಕ್ಕೊಳ್ತಾ ಇದೆ ನೋಡಿ."

ಕನ್ನಡಕದವರು ಹುಡುಗಿಯ ಹೆಸರು ಬರೆದುಕೊಂಡರು. ನಾನು ಓಡಿ ಹೋಗಿ ಅಜ್ಜಿಯ ಪಕ್ಕದಲ್ಲಿದ್ದ ಚೆಂಡನ್ನು ಮೊದಲು ಎತ್ತಿಕೊಂಡೆ. ಆಮೇಲೆ ಭಯದಿಂದ ಅಪ್ಪನ ಕಡೆ ತಿರುಗಿದೆ. "ಏನಪ್ಪಾ, ಕಳಿಸ್ತೀಯಾ?"

ಅವನು ಆಟೋದ ಹತ್ತಿರ ಹೋಗಿ ಟಾರ್ಪಾಲು ಎಳೆದ. ಒಳಗೆ ಗೊಬ್ಬರವಲ್ಲ. ಹೊಸ ಗೋಣಿಯಿಂದ ನಾಲ್ಕೂ ಕಡೆ ಒತ್ತಾಗಿ ಹೊಲಿದ ಮೂಟೆ. ಹಾಸಿಗೆಯಷ್ಟು ದೊಡ್ಡದು. ಮನೆಯಲ್ಲೇ ಕೂತು ಹೊಲಿದಿದ್ದಾನೆ, ಕಳಿಸುವುದಿಲ್ಲ ಎನ್ನುತ್ತಲೇ. ಅದನ್ನು ಬೆನ್ನ ಮೇಲೆ ಹೊತ್ತು ನೇರ ಬಯಲಿನ ನಡುವೆ ನಡೆದು, ಎರಡನೇ ಬೇಸಿಗೂ ಮೂರನೇ ಬೇಸಿಗೂ ಮಧ್ಯೆ, ಮಗಳ ಕಾಲ ಬುಡಕ್ಕೆ ಧೊಪ್ಪೆಂದು ಇಳಿಸಿ, ಕೈ ಒರೆಸಿಕೊಂಡು ಆರಿಸುವವರ ಕಡೆ ತಿರುಗಿದ.

"ನಿಮ್ಗೇನೂ ಖರ್ಚಿಲ್ಲ ಸಾ. ನಮ್ ಮಗೀದು ನಾವೇ ತಂದಿದ್ದೀವಿ!"