ಸೂಜಿಗೆ ಹೆದರಿ ಹಿಡಿದ ಅಭ್ಯಾಸಗಳು

ಒಳ್ಳೆಯ ಅಭ್ಯಾಸ ಶುರು ಮಾಡುವುದರಲ್ಲಿ ನಮ್ಮ ಯಜಮಾನರನ್ನು ಮೀರಿಸುವವರಿಲ್ಲ. ಸರ್ಕಾರಿ ನೌಕರಿ, ಆಗಾಗ ವರ್ಗ. ಊರು ಬದಲಾದಂತೆ ಅಭ್ಯಾಸವೂ ಬದಲು. ಎಂಬತ್ತರ ದಶಕದಲ್ಲಿ ಗುಲ್ಬರ್ಗದ ಡಾಕ್ಟರು, "ಸಕ್ಕರಿ ಕಾಯಿಲೆ ಬಂದದ. ದಿನದ ರೂಢಿ ತಿದ್ಕೋರಿ, ಇಲ್ಲಂದ್ರ ದಿನಾ ಸೂಜಿ" ಅಂದುಬಿಟ್ಟರು. ಸೂಜಿ ಅಂದರೆ ನಮ್ಮವರಿಗೆ ಜೀವಭಯ. ನಾನು ಅಂಗಿಗೆ ಗುಂಡಿ ಹಚ್ಚಲು ಕೂತರೂ ಎದ್ದು ಆಚೆ ಹೋಗುವ ಮನುಷ್ಯ.

ಆಳಂದ: ಬೇಗ ಏಳುವುದು

ಆಗ ಆಳಂದದ ಒಂದು ವಾಡೆಯಲ್ಲಿ ಬಾಡಿಗೆಗಿದ್ದೆವು. ಒಂದೇ ಅಂಗಳ, ಸುತ್ತ ನಾಲ್ಕು ಸಂಸಾರ. "ಮೊದಲು ನಸುಕಿನಾಗ ಏಳೋದು ಕಲೀತೇನಿ, ಮುಂದಿಂದೆಲ್ಲಾ ತಾನಾ ಆಗ್ತದ" ಎಂದು ಅಲಾರಂ ಗಡಿಯಾರ ತಂದರು. ಅದು ಹೊಡೆದರೆ ವಾಡೆಗೆ ವಾಡೆಯೇ ಎದ್ದು ಕೂಡುತ್ತಿತ್ತು. ಇವರು ಮಗ್ಗುಲು ಬದಲಿಸುತ್ತಿದ್ದರು. ಬೇಸತ್ತು ಒಂದು ದಿನ ನಾನೇ ಅದಕ್ಕೆ ಕೀಲಿ ಕೊಡಲಿಲ್ಲ. ಬೆಳಗಾಗುತ್ತಲೇ ಮನೆ ಮಾಲಕಿ ಬಂದರು. ಬೈಯಲು ಬಂದರೆಂದು ಯಜಮಾನರು ಮೊದಲೇ ಕೈ ಮುಗಿದರು.

"ಸಾಹೇಬ್ರ, ಇವತ್ತ್ಯಾಕ ಗಡಿಯಾರ ಹೊಡೀಲಿಲ್ಲ? ನಾ ಪೂಜಾಕ್ಕ ಏಳೋದು, ನಮ್ಮವರು ಹೊಲಕ್ಕ ಹೋಗೋದು ಎಲ್ಲಾ ಅದರ ಮ್ಯಾಲೇ ಅದ. ನೀವೇನು ಏಳಬ್ಯಾಡ್ರಿ, ಕೀಲಿ ಅಷ್ಟ ತಪ್ಪದ ಕೊಡ್ರಿ!"

ಜೇವರ್ಗಿ: ಚಹಾ ಬಿಡುವುದು

ಜೇವರ್ಗಿಗೆ ಹೋದ ಮೇಲೆ ಚಹಾ ಬಿಟ್ಟರು. ನಮ್ಮ ಕಡೆ ಚಹಾ ಬೇಡ ಅಂದರೆ ಸಿಟ್ಟಾಗಿದ್ದಾರೆ ಅಂತಲೇ ಅರ್ಥ. ಆಫೀಸಿನ ಎದುರಿನ ಹೋಟೆಲಿನವನು ತಡೆಯಲಾರದೆ ಮನೆಗೇ ಬಂದ.

"ನಮ್ಮಿಂದ ಏನರ ಗಲತಿ ಆತೇನ್ರಿ ಅಕ್ಕಾರ?"

"ಏನಿಲ್ಲಪ್ಪ, ಚಹಾ ಅಷ್ಟ ಬಿಟ್ಟಾರ" ಎಂದು ಸಮಾಧಾನ ಹೇಳಿ ಕಳಿಸಿದೆ. ಅವನಿಗೆ ನಿಜಕ್ಕೂ ಸಮಾಧಾನವಾಯಿತು. ಮರುದಿನದಿಂದ ಚಹಾದ ಹೊತ್ತಿಗೆ ಸರಿಯಾಗಿ ದೊಡ್ಡ ಗ್ಲಾಸಿನಲ್ಲಿ ಕೆನೆಹಾಲು ಬರತೊಡಗಿತು, ಸಕ್ಕರೆ ಜಾಸ್ತಿ. ಯಜಮಾನರು ಹೆಮ್ಮೆಯಿಂದ ಕುಡಿದರು. ನೋಡಿದರೆ ಅವರು ಬಿಟ್ಟಿದ್ದು ಚಹಾಪುಡಿ ಒಂದನ್ನೇ.

ಅಫಜಲಪುರ: ನಡೆಯುವುದು

ಅಫಜಲಪುರಕ್ಕೆ ಬಂದಾಗ ಡಾಕ್ಟರು ಕೊನೆಯ ಗಡುವು ಕೊಟ್ಟರು. "ಇನ್ನೊಂದು ತಿಂಗಳು ನೋಡ್ತೇನಿ. ದಿನಾ ನಡೀರಿ, ಇಲ್ಲಂದ್ರ ಸೂಜಿ ಖಾಯಂ."

ಈ ಸಲ ಇವರು ಒಂದು ದಿನವೂ ತಪ್ಪಿಸಲಿಲ್ಲ. ನಸುಕಿಗೇ ಎದ್ದು ಘತ್ತರಗಿ ರಸ್ತೆ ಹಿಡಿಯುವರು. ನನಗಂತೂ ಬಹಳ ಸಂತೋಷವಾಯಿತು. ಆದರೆ ತಿರುಗಿ ಬಂದವರು ರೊಟ್ಟಿ ಮುಟ್ಟರು, ಪ್ಯಾಂಟು ಬೇರೆ ಬಿಗಿಯಾಗುತ್ತಾ ಹೋಯಿತು. ಯಾಕೋ ಅನುಮಾನ ಬಂದು ಒಂದು ದಿನ ನಾನೂ ಜೊತೆಗೆ ಹೊರಟೆ.

ಊರು ದಾಟಿದ ಮೇಲೆ ಹೊಲದ ಮನೆಯ ಮುಂದೆ ಒಬ್ಬ ಮುದುಕಿ ದಾರಿ ಕಾಯುತ್ತ ನಿಂತಿದ್ದಳು. ಕೈಯಲ್ಲಿ ತಾಟು, ತಾಟಿನ ತುಂಬ ಚಪಾತಿ ಮುರಿದು ಬೆಲ್ಲ ತುಪ್ಪ ಕಲಸಿದ ಮಾಲ್ದಿ. ಆಗ ತಿಳಿಯಿತು. ಆ ರಸ್ತೆಯಲ್ಲಿ ಬಸ್ಸು ಬಿಟ್ಟು ನಡೆಯುವವರೆಂದರೆ ಘತ್ತರಗಿಯ ಭಾಗ್ಯವಂತಿ ದೇವಿಗೆ ಹರಕೆ ಹೊತ್ತವರು. ಅಂಥವರಿಗೆ ಉಣಿಸಿದರೆ ಪುಣ್ಯ. ನಮ್ಮವರು ದಿನವೂ ಆ ಮುದುಕಿಗೆ ಧಾರಾಳವಾಗಿ ಪುಣ್ಯ ಕೊಡುತ್ತಿದ್ದರು.

"ನಿನ್ನ ಗಂಡ ಏನು ಹರಕಿ ಹೊತ್ತಾನವ್ವಾ? ಕೇಳಿದ್ರ ಹೇಳವಲ್ಲ, ಬಾಯಾಗ ತುತ್ತು ಇಟ್ಕೊಂಡು ತಲಿ ಅಲ್ಲಾಡಸ್ತಾನ" ಎಂದಳು ಮುದುಕಿ.

ನನಗೆ ಸಿಟ್ಟು ನೆತ್ತಿಗೇರಿತ್ತು. "ಹೊಟ್ಟಿ ಕರಗ್ಲಿ ಅಂತ ಹೊತ್ತಾರ ಆಯಿ!" ಅಂದೆ.

ಮುದುಕಿ ಇವರ ಹೊಟ್ಟೆಯನ್ನು ಒಮ್ಮೆ ಪೂರ್ತಿ ನೋಡಿದಳು. ಅವಳಿಗೆ ಕನಿಕರ ಉಕ್ಕಿ ಬಂತು.

"ಇಷ್ಟು ದೊಡ್ಡದು ಕರಗಬೇಕಂದ್ರ ಮೈಯಾಗ ತಾಕತ್ತು ಬೇಕಲ್ಲವ್ವಾ" ಎಂದು ತಾಟಿಗೆ ಇನ್ನೊಂದು ಹಿಡಿ ಹಾಕಿದಳು.

ಮರುವಾರ ಸೂಜಿ ಶುರುವಾಯಿತು. ದಿನಾ ಬೆಳಿಗ್ಗೆ ಚುಚ್ಚುವವಳು ನಾನೇ. ಅದೊಂದು ಅಭ್ಯಾಸ ಮಾತ್ರ ಯಜಮಾನರಿಗೆ ಇವತ್ತಿನವರೆಗೂ ತಪ್ಪಿಲ್ಲ.