ಓವನ್ನಿನೊಳಗೆ ಹದಿನಾಲ್ಕನೇ ಪುಟ

ಅವರಿಬ್ಬರೂ ಮೊದಲು ಭೇಟಿಯಾದದ್ದು ಒಂದು ಕೆಟ್ಟ ಜೆರಾಕ್ಸ್ ಯಂತ್ರದ ಮುಂದೆ. ಆತ ಕಚೇರಿಯ ದಾಖಲೆ ಗುಮಾಸ್ತ. ಆಕೆ ಅಂಕಪಟ್ಟಿಯ ಎರಡು ಪ್ರತಿ ಬೇಕೆಂದು ಬಂದವಳು. ಯಂತ್ರ ಕಾಗದ ನುಂಗಿ ಕೂತಿತ್ತು. ಆತ "ಐದೇ ನಿಮಿಷ" ಎಂದು ಆಕೆಗೆ ಕುರ್ಚಿ ಎಳೆದುಕೊಟ್ಟು, ಕಪಾಟಿನಿಂದ ಕೈಪಿಡಿ ತೆಗೆದು, ಮೊದಲ ಪುಟದಿಂದ ಓದತೊಡಗಿದ. ನಲವತ್ತು ನಿಮಿಷ ಕಳೆಯಿತು. ಆಕೆ ಎದ್ದುಬಂದು ಪಕ್ಕದ ಮುಚ್ಚಳ ತೆಗೆದು, ಮುದುಡಿದ ಹಾಳೆಯನ್ನು ಎಳೆದು ಆತನ ಕೈಗಿಟ್ಟಳು.

"ಇದು ಎಷ್ಟನೇ ಪುಟದಲ್ಲಿದೆ ಅಂತ ಆಮೇಲೆ ನೋಡ್ಕೊಳ್ಳಿ."

ಆತ ನೋಡಿಕೊಂಡ. ಮದುವೆಯಾಗಿ ಒಂಬತ್ತು ವರ್ಷವಾದರೂ ಆ ಪುಟ ಆತನಿಗೆ ನೆನಪಿದೆ.

ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲಿಗ ಆತ. ಅಚ್ಚಾದ ಅಕ್ಷರವೆಂದರೆ ಅಷ್ಟು ಭಕ್ತಿ. ಮನೆಗೆ ಬಂದ ಪ್ರತಿ ಯಂತ್ರದ ಕೈಪಿಡಿಗೂ ಮೂಲೆಯಲ್ಲಿ ತೂತು ಕೊರೆದು, ಕಡತಕ್ಕೆ ಕಟ್ಟುವ ಕೆಂಪು ದಾರ ಕಟ್ಟಿ, ಆ ಯಂತ್ರದ ಹೊಟ್ಟೆಯಲ್ಲೇ ಇಡುತ್ತಿದ್ದ. ಓವನ್ನಿನದು ಓವನ್ನಿನಲ್ಲಿ. ಬೇಯಿಸುವಾಗ ಹೆಂಡತಿ ಅದನ್ನು ತೆಗೆದು ಹೊರಗಿಡುವಳು. ಓವನ್ ಆರಿದ ಮೇಲೆ ಆತ ಮತ್ತೆ ಒಳಗಿಡುವನು.

ಆ ಶನಿವಾರ ಆಕೆಗೆ ಮೊದಲ ದೊಡ್ಡ ಆರ್ಡರ್. ಹತ್ತಿರದ ಆಸ್ಪತ್ರೆಯ ಕ್ಯಾಂಟೀನಿಗೆ ಸಂಜೆ ಐದಕ್ಕೆ ಅರವತ್ತು ಬನ್ನು. ಹಿಡಿಸಿದರೆ ದಿನವೂ ಅವಳದೇ. ಇಲ್ಲದಿದ್ದರೆ ಇನ್ನೊಬ್ಬರು ಕಾದಿದ್ದಾರೆ.

"ನೀನು ಹಿಟ್ಟು ತಗೊಂಡು ಬಾ. ಅಷ್ಟರಲ್ಲಿ ಓವನ್ ಕನ್ನಡಿ ಥರ ಹೊಳೀತಿರುತ್ತೆ," ಎಂದ ಆತ. "ಅದು ತನ್ನನ್ನ ತಾನೇ ತೊಳ್ಕೊಳ್ಳೋ ಓವನ್ನು. ಒಂದು ಗುಂಡಿ ಒತ್ತಿದರೆ ಬಾಗಿಲು ಬೀಗ ಹಾಕ್ಕೊಂಡು, ಒಳಗಿನ ಜಿಡ್ಡನ್ನೆಲ್ಲ ಸುಟ್ಟು ಬೂದಿ ಮಾಡುತ್ತೆ."

"ಒತ್ತೋ ಮುಂಚೆ ಓದ್ಕೊಳ್ಳಿ."

"ಆ ಪುಟ ನನಗೆ ಬಾಯಿಪಾಠ."

ಬಾಯಿಪಾಠವಾಗಿದ್ದದ್ದೇ ಎಡವಟ್ಟಾಯಿತು. ಓದಬೇಕಾಗಿದ್ದರೆ ಪುಸ್ತಕ ಹೊರಗೆ ಬರುತ್ತಿತ್ತು. ಗುಂಡಿ ಒತ್ತಿದ. ಬೀಗ ಕರಕರ ಎಂದು ಅರ್ಧಕ್ಕೆ ನಿಂತಿತು. ಶಾಖ ಏರಲಿಲ್ಲ, ಬಾಗಿಲು ತೆರೆಯಲಿಲ್ಲ. ಪರದೆಯ ಮೇಲೆ 'ಎಫ್ ಒಂಬತ್ತು' ಎಂದು ಮಿನುಗತೊಡಗಿತು. ಆತ ಕೈಪಿಡಿಗೆಂದು ಬಗ್ಗಿದ. ಗಾಜಿನಾಚೆ, ಒಳದೀಪದ ಬೆಳಕಿನಲ್ಲಿ, ಅದು ಆರಾಮವಾಗಿ ಮಲಗಿತ್ತು. ಮುಖಪುಟದ ಸಾಲು ಸ್ಪಷ್ಟವಾಗಿ ಓದಬಹುದಿತ್ತು: 'ಸದಾ ಕೈಗೆ ಸಿಗುವಂತಿಡಿ.'

ಎರಡು ಗಂಟೆ ಆತ ಬಾಗಿಲನ್ನು ಎಳೆದ, ತಟ್ಟಿದ, ಕೊನೆಗೆ ಗೌರವದಿಂದ ಕೇಳಿಕೊಂಡ. ಹೆಂಡತಿ ಬಂದು ಹಿಟ್ಟು ನಾದಿ ಮುಚ್ಚಿಟ್ಟಳು. ಆಕೆ ಬಯ್ದಿದ್ದರೆ ಆತನಿಗೆ ಸಮಾಧಾನವಾಗುತ್ತಿತ್ತು. ಎರಡೂವರೆಗೆ ಹಿಟ್ಟು ಉಬ್ಬಿ, ಮುಚ್ಚಳವನ್ನು ಮೇಲೆತ್ತಿ, ಆತನನ್ನೇ ಇಣುಕಿ ನೋಡುತ್ತಿತ್ತು. ಆತ ಮೆಕ್ಯಾನಿಕ್‌ಗೆ ಫೋನ್ ಮಾಡಿ, ಓವನ್ ಪರದೆಯ ಮೇಲೆ 'ಎಫ್ ಒಂಬತ್ತು' ಬರುತ್ತಿದೆ ಎಂದ.

"ಸೋಮವಾರ ಬರ್ತೀನಿ ಸಾರ್. ಅರ್ಜೆಂಟಾದ್ರೆ ಹದಿನಾಲ್ಕನೇ ಪುಟದಲ್ಲಿ ಉಪಾಯ ಇದೆ, ಕೈಪಿಡಿ ತೆಗೀರಿ."

"ತೆಗೀಬೇಕಾದ್ರೆ ಬಾಗಿಲು ತೆಗೀಬೇಕು."

"ಯಾವ ಬಾಗಿಲು?"

"ಓವನ್ನಿಂದು."

"ಇನ್ನೊಂದ್ಸಲ ಹೇಳಿ ಸಾರ್, ಸ್ಪೀಕರ್ ಹಾಕ್ತೀನಿ. ಅಂಗಡಿಯವರೂ ಕೇಳಲಿ."

ಕೇಳಿ ನಕ್ಕು ಮುಗಿದ ಮೇಲೆ ಮೆಕ್ಯಾನಿಕ್ಕೇ ಉಪಾಯ ಹೇಳಿದ: ಮೇನ್ ಆಫ್ ಮಾಡಿ ಹತ್ತು ನಿಮಿಷ ಬಿಡಬೇಕು, ಆಮೇಲೆ ಬಾಗಿಲನ್ನು ಮಂಡಿಯಿಂದ ಒತ್ತಿಹಿಡಿದು ಆನ್ ಮಾಡಬೇಕು. "ಬೀಗ ಅರ್ಧಕ್ಕೆ ನಿಂತಿದ್ದು ನಿಮ್ಮ ಅದೃಷ್ಟ ಸಾರ್. ಪೂರ್ತಿ ಬಿದ್ದಿದ್ರೆ ಹದಿನಾಲ್ಕನೇ ಪುಟ ಬೂದಿಯಾಗಿರೋದು."

ಹತ್ತು ನಿಮಿಷ ಕಾದು, ಆತ ಮಂಡಿ ಒತ್ತಿ ನಿಂತ. ಬೀಗ ಕರಕರ ಎಂದಿತು, ಮತ್ತೆ ನಿಂತಿತು. ಆಗ ಹೆಂಡತಿ ಬಾಗಿಲ ಮೇಲಿನ ಸಂದಿಗೆ ಕಣ್ಣು ಹಾಕಿದಳು.

"ರೀ, ಇದೇನಿದು ಕೆಂಪಗೆ?"

ಅದು ದಾರದ ತುದಿ. ಉಳಿದದ್ದೆಲ್ಲ ಬೀಗದ ಕೊಕ್ಕೆಗೆ ಸುತ್ತಿಕೊಂಡಿತ್ತು. "ಇನ್ನೊಂದ್ಸಲ ಆಫ್ ಮಾಡಿ," ಎಂದಳು. ಮತ್ತೆ ಹತ್ತು ನಿಮಿಷ. ಮತ್ತೆ ಮಂಡಿ. ಬೀಗ ಕರಕರ ಎಂದ ಕೂಡಲೇ ಆಕೆ ದಾರವನ್ನು ಎಳೆದಳು, ಅಂದು ಹಾಳೆ ಎಳೆದ ಹಾಗೆಯೇ. ಟಕ್ ಎಂದು ಬಾಗಿಲು ತೆರೆಯಿತು.

ಆಕೆ ಕೈಪಿಡಿಯ ಎರಡನೇ ಪುಟ ತೆರೆದು ಆತನ ಮುಂದೆ ಹಿಡಿದಳು. 'ಓವನ್ ಒಳಗೆ ಕಾಗದ, ಬಟ್ಟೆ, ದಾರ ಇಡಬಾರದು.' ಅದರ ಕೆಳಗೆ ಆತನದೇ ಕೈಯ ಕೆಂಪು ಗೆರೆ, ಎರಡು ಸಲ ಎಳೆದದ್ದು.

ಐದಕ್ಕೆ ಹತ್ತು ನಿಮಿಷವಿರುವಾಗ ಬನ್ನುಗಳು ಜಿಡ್ಡಿನ ಓವನ್ನಿನಿಂದಲೇ ಆಸ್ಪತ್ರೆ ತಲುಪಿದವು. ಕ್ಯಾಂಟೀನಿನವರಿಗೆ ಹಿಡಿಸಿದವು.

ಈಗ ಆತ ದಿನವೂ ಕಚೇರಿಗೆ ಹೋಗುವ ಮುಂಚೆ ಬನ್ನಿನ ಡಬ್ಬಿಗಳಿಗೆ ಕೆಂಪು ದಾರ ಕಟ್ಟಿಕೊಡುತ್ತಾನೆ. ಓವನ್ ಮುಟ್ಟುವುದಿಲ್ಲ.